ಅರ್ಧಕ್ಕೆ ನಿಂತ ಅರ್ಥ

ಎಲ್ಲಿ ತಾಳಮದ್ದಳೆ ಇದ್ದರೂ ದೊಡ್ಡಪ್ಪ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ವೇಷವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನ ಅದು. ಅದರಲ್ಲಿ ಕಲಾವಿದರು ಪಾತ್ರವಾಗಿ ಆಡುವ ಮಾತಿಗೆ ಅರ್ಥ ಎನ್ನುತ್ತಾರೆ. ಆ ಕಾಲದ 63 ಕ್ಯಾಸೆಟ್ಟುಗಳು ಕಲ್ಯಾಣಪುರದ ನಮ್ಮ ಮನೆಯ ಅಟ್ಟದಲ್ಲಿ ಉಳಿದಿದ್ದವು. ನಮ್ಮ ಮಳೆಗಾಲ ಯಾವುದನ್ನೂ ಬಿಡುವುದಿಲ್ಲ. ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿತ್ತು. ಕೆಲವನ್ನು ಒಮ್ಮೆ ಓಡಿಸುವಾಗಲೇ ಲೇಪ ಪುಡಿಪುಡಿಯಾಗಿ ಉದುರುತ್ತಿತ್ತು. ಹೋದ ವರ್ಷ ಅವನ್ನೆಲ್ಲ ಮಹಡಿಯ ಲ್ಯಾಪ್‌ಟಾಪಿಗೆ ಇಳಿಸಿದೆ. ಎರಡೂ ಬದಿ ಸೇರಿ 90 ನಿಮಿಷದ ಒಂದು ಕ್ಯಾಸೆಟ್, ಸಿಡಿ ಗುಣಮಟ್ಟದಲ್ಲಿ ಸುಮಾರು 950 ಎಂಬಿ. ಒಟ್ಟು 60 ಜಿಬಿ.

ಅದನ್ನು ಕೆಳಗಿನ ಕೋಣೆಯ ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಸಾಗಿಸಬೇಕಿತ್ತು. ಟರ್ಮಿನಲ್ ತೆರೆದು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ನಕಲಿಸುವ, ನನಗೆ ರೂಢಿಯಿದ್ದ ಎಸ್‌ಸಿಪಿ ಕಮಾಂಡನ್ನೇ ಕೊಟ್ಟೆ. ಇಡೀ ಫೋಲ್ಡರು, ಕಂಪ್ಯೂಟರಿನ ವಿಳಾಸ, ಒಂದು ಕೋಲನ್, ತಲುಪಬೇಕಾದ ಜಾಗ, ಅಷ್ಟೆ. ಮುರಕಲ್ಲಿನ ದಪ್ಪ ಗೋಡೆ ದಾಟಿ ಬರುವ ವೈಫೈ ಸೆಕೆಂಡಿಗೆ 4 ಎಂಬಿ ಎಳೆದರೆ ಹೆಚ್ಚು. ರಾತ್ರಿ ಓಡಲಿ ಎಂದು ಮಲಗಿದೆ.

ಮಧ್ಯರಾತ್ರಿ ಗುಡುಗು, ಮಳೆ, ಕರೆಂಟು ಹೋಯಿತು. ಎರಡೂ ಕಂಪ್ಯೂಟರುಗಳು ಇನ್ವರ್ಟರಿನ ಬಲದಲ್ಲಿ ಬದುಕಿದ್ದವು, ರೌಟರ್ ಮಾತ್ರ ಆರಿತು. ಬೆಳಿಗ್ಗೆ ಕೆಳಗಿನ ಫೋಲ್ಡರಿನಲ್ಲಿ 31 ಹೆಸರುಗಳು ಕಂಡವು. ಉಳಿದ 32ನ್ನು ಕಳುಹಿಸಿ ಕೆಲಸ ಮುಗಿಯಿತು ಎಂದುಕೊಂಡೆ.

ಮೂರು ವಾರದ ನಂತರ ದೊಡ್ಡಪ್ಪ ಕೆಳಗಿನ ಕಂಪ್ಯೂಟರಿನಲ್ಲಿ, ಹೆಸರಾಂತ ತಾಳಮದ್ದಳೆ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಮಾತನಾಡಿದ ಕ್ಯಾಸೆಟ್ಟಿನ ಪ್ರತಿ ಕೇಳಲು ಕುಳಿತರು. ವಾಲಿ ರಾಮನನ್ನು ಪ್ರಶ್ನಿಸುತ್ತಿದ್ದಾನೆ, ನಲವತ್ತನೆಯ ನಿಮಿಷ, ಥಟ್ಟನೆ ಮೌನ. "ಅರ್ಥ ಅರ್ಧಕ್ಕೇ ನಿಂತಿತಲ್ಲ ಮಾರಾಯ" ಎಂದರು ದೊಡ್ಡಪ್ಪ. ನನಗೆ ಎದೆ ಧಸಕ್ಕೆಂದಿತು. ಆ ಭಾನುವಾರ ಲ್ಯಾಪ್‌ಟಾಪಿನ ಪ್ರತಿಯನ್ನು ಅಳಿಸುವವನಿದ್ದೆ. ಆ ಟೇಪನ್ನು ಇನ್ನೊಮ್ಮೆ ಓಡಿಸುವ ಹಾಗಿರಲಿಲ್ಲ.

ಆಗಿದ್ದು ಇಷ್ಟು. ಎಸ್‌ಸಿಪಿ ಫೈಲನ್ನು ಮೊದಲ ಬೈಟಿನಿಂದಲೇ ಅದರ ನಿಜವಾದ ಹೆಸರಿನಲ್ಲಿ ಬರೆಯುತ್ತಾ ಹೋಗುತ್ತದೆ. ನಡುವೆ ಸಂಪರ್ಕ ಕಡಿದರೆ ಅರ್ಧ ಫೈಲು ಪೂರ್ಣ ಫೈಲಿನ ಹೆಸರು ಹೊತ್ತು ಕುಳಿತಿರುತ್ತದೆ. 31ನೆಯದು 950 ಎಂಬಿ ಇರಬೇಕಾದಲ್ಲಿ 420 ಇತ್ತು. ನಾನು ಹೆಸರನ್ನು ಎಣಿಸಿದ್ದೆ, ಗಾತ್ರ ನೋಡಿರಲಿಲ್ಲ.

ಫೈಲು ಸಾಗಿಸುವ ಇನ್ನೊಂದು ಸಾಧನವಾದ ಆರ್‌ಸಿಂಕ್ ಹೀಗೆ ಮಾಡುವುದಿಲ್ಲ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಬರೆದ ಈ ಸಾಧನ, ಬರುತ್ತಿರುವ ಫೈಲನ್ನು ಚುಕ್ಕಿಯಿಂದ ಶುರುವಾಗುವ ಗುಪ್ತ ಹೆಸರಿನಲ್ಲಿಟ್ಟು, ಪೂರ್ತಿ ಬಂದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತದೆ. ಮೊದಲೇ ಅಲ್ಲಿರುವ ಫೈಲನ್ನು ತುಂಡುತುಂಡಾಗಿ ಲೆಕ್ಕ ಹಾಕಿ, ಹೊಂದುವ ತುಂಡುಗಳನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ತರಿಸಿಕೊಳ್ಳುತ್ತದೆ. ಈ ಉಪಾಯಕ್ಕೆ ನಾನು ಮನಸೋತಿದ್ದೇನೆ.

ಈ ಸಲ ಮೆಟ್ಟಿಲಿನ ಗುಂಟ ನೆಟ್‌ವರ್ಕ್ ಕೇಬಲ್ ಎಳೆದು ಆರ್‌ಸಿಂಕ್ ಓಡಿಸಿದೆ. ಗಾತ್ರ, ದಿನಾಂಕ ಎರಡೂ ಒಂದೇ ಇದ್ದರೆ ಅದು ಆ ಫೈಲನ್ನು ಓದದೆ ಬಿಡುತ್ತದೆ. ಆದರೆ ಹಿಂದೆ ಎಸ್‌ಸಿಪಿಗೆ ದಿನಾಂಕ ಉಳಿಸಿಕೊಳ್ಳಲು ಹೇಳದೆ ಇದ್ದುದರಿಂದ ಎಲ್ಲ ಫೈಲುಗಳ ದಿನಾಂಕವೂ ಬೇರೆಯಾಗಿತ್ತು. ಹಾಗಾಗಿ ಅದು 63ನ್ನೂ ಎರಡೂ ಕಡೆ ಓದಿ ತಾಳೆ ನೋಡಿತು. ಒಂದು ಗಂಟೆಯ ಹತ್ತಿರ ಹಿಡಿಯಿತು, ಆದರೆ ತಂತಿಯಲ್ಲಿ ಸಾಗಿದ್ದು ಹೆಚ್ಚು ಕಡಿಮೆ ಆ ಒಂದು ಫೈಲಿನ ಕೊರತೆ ಮಾತ್ರ. ಮತ್ತೆ ಎರಡೂ ಕಡೆ, ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ ಗುರುತಾದ ಶಾ-256 ಮೊತ್ತ ತೆಗೆದು ಹೋಲಿಸಿದೆ. 63ಕ್ಕೆ 63 ಸರಿಯಿತ್ತು.

ಆರ್‌ಸಿಂಕ್ ಬಳಸುವಾಗ ಓರೆಗೆರೆಯ (/) ಬಗ್ಗೆ ಎಚ್ಚರ ಬೇಕು. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನ ಫೈಲುಗಳಷ್ಟೇ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಮೂಲದಲ್ಲಿ ಇಲ್ಲದ ಫೈಲುಗಳನ್ನು ತಲುಪುವ ಕಡೆಯೂ ಅಳಿಸುವ ಡಿಲೀಟ್ ಆಯ್ಕೆಯನ್ನು ಇದರೊಂದಿಗೆ ಬಳಸುವವರು ದಯವಿಟ್ಟು ಮೊದಲು ಹೈಫನ್ ಎನ್ (-n) ಹಾಕಿ ಓಡಿಸಿ. ಏನನ್ನೂ ಮುಟ್ಟದೆ ಏನು ಮಾಡಲಿದೆ ಎಂಬುದನ್ನು ಅದು ಹೇಳುತ್ತದೆ.

ಮರುದಿನ ಸಂಜೆ ದೊಡ್ಡಪ್ಪ ಮೊದಲಿನಿಂದ ಕೇಳಿದರು. ನಲವತ್ತನೆಯ ನಿಮಿಷಕ್ಕೆ ನಾನು ಬಾಗಿಲಲ್ಲಿ ನಿಂತಿದ್ದೆ. ವಾಲಿ ಮಾತು ಮುಂದುವರಿಸಿದ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಕೈಸನ್ನೆ ಮಾಡಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.