ಕಾರವಾರಕ್ಕೆ ಬಾರದ ಉಗಿಬಂಡಿಯ ಬೆನ್ನುಹತ್ತಿ

ಕಾರವಾರದ ಟಾಗೋರ್ ಕಡಲತೀರದಲ್ಲಿ ಹಡಗಿದೆ, ವಿಮಾನವೂ ಇದೆ. ಐಎನ್‌ಎಸ್ ಚಪಲ್ ಯುದ್ಧನೌಕೆಯ ಒಳಗೆಲ್ಲ ಸುತ್ತಾಡಿ ಬರಬಹುದು, ಟುಪೊಲೆವ್ ವಿಮಾನದ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳಬಹುದು. ರೈಲು ಇಂಜಿನ್ ಮಾತ್ರ ಇಲ್ಲ. ಇರುವುದಾದರೂ ಹೇಗೆ? ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಉಗಿಬಂಡಿಯ ಕಾಲವೇ ಬರಲಿಲ್ಲ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ, ಅದೂ ಡೀಸೆಲ್ ಇಂಜಿನ್ನಿನೊಂದಿಗೆ. ಕಲ್ಲಿದ್ದಲ ಹೊಗೆಯ ವಾಸನೆ ಹುಡುಕುವ ಕಾರವಾರದವರು ಘಟ್ಟ ಹತ್ತಲೇಬೇಕು.

ಹಾಗೆ ಹೊರಟವರು ನಾನು ಮತ್ತು ಶಿರಸಿಯ ದೊಡ್ಡಪ್ಪ. ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಧಾರವಾಡದಲ್ಲಿ ಓದಿದವರು, ಲೋಂಡಾ ಕಡೆಯ ಮೀಟರ್ ಗೇಜ್ ಗಾಡಿಗಳಲ್ಲಿ ಕಿಟಕಿ ಪಕ್ಕ ಕೂತು ಅಂಗಿ ಕಪ್ಪು ಮಾಡಿಕೊಂಡವರು. ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೆ ಹೋಗೋಣವೆಂದರೆ ಯಲ್ಲಾಪುರದ ಮೇಲೆ ಬಸ್ಸಿಗೆ ಹೋಗಬಹುದಿತ್ತು. "ರೈಲು ನೋಡಲೆ ಬಸ್ಸಿಗೆ ಹೋಪ್ದನಾ?" ಎಂದರು. ಸರಿ, ಮಡಗಾಂವ್ ಸುತ್ತಿಕೊಂಡೇ ಹೋಗುವುದೆಂದಾಯಿತು.

ಕಾರವಾರ ಬಿಟ್ಟರೆ ಕಾಳಿ ಸೇತುವೆ, ಅಸ್ನೋಟಿ, ಆಮೇಲೆ ಗೋವಾ. ಮಡಗಾಂವ್‌ನಲ್ಲಿ ಗಾಡಿ ಬದಲಿಸಿದೆವು. ನಿಜವಾದ ಪ್ರಯಾಣ ಶುರುವಾದದ್ದು ಕುಳೆಂನಲ್ಲಿ. ಅಲ್ಲಿ ಗಾಡಿಯ ಬಾಲಕ್ಕೆ ಬ್ಯಾಂಕರ್ ಇಂಜಿನ್, ಅಂದರೆ ಹಿಂದಿನಿಂದ ತಳ್ಳುವ ಇಂಜಿನ್, ಜೋಡಿಸುತ್ತಾರೆ. ಕೊಂಡಿ ಬಿದ್ದಾಗ ಬೋಗಿಯಿಂದ ಬೋಗಿಗೆ ಸರಿದು ಬಂದ ಹೊಡೆತಕ್ಕೆ ದೊಡ್ಡಪ್ಪನ ಕವಳದ ಸಂಚಿ ಕೆಳಗೆ ಬಿತ್ತು. ಇಲ್ಲಿಂದ ಕ್ಯಾಸಲ್‌ರಾಕ್‌ವರೆಗಿನ ಬ್ರಗಾಂಜಾ ಘಟ್ಟದಲ್ಲಿ ಏರು 37ಕ್ಕೆ 1, ಅಂದರೆ ಮೂವತ್ತೇಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಗೆ ಇದೊಂದು ಏರೇ ಅಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಜಾರುವ ರೈಲಿಗೆ ಮಾತ್ರ ದೊಡ್ಡ ಪರೀಕ್ಷೆ. ಮುಂದಿನ ಇಂಜಿನ್ ಎಳೆಯಬೇಕು, ಹಿಂದಿನದು ತಳ್ಳಬೇಕು. ಉಗಿಯ ಕಾಲದಲ್ಲಿ ಇದೇ ಏರಿನಲ್ಲಿ ಫೈರ್‌ಮನ್ ಸಲಿಕೆ ಕೆಳಗಿಡದೆ ಕಲ್ಲಿದ್ದಲು ಎಸೆಯಬೇಕಿತ್ತು. ಸುರಂಗ ಬಂತೆಂದರೆ ಕಿಟಕಿ ಎಳೆದುಕೊಳ್ಳದವನು ಆಚೆ ಬದಿಗೆ ಮಸಿಮುಖದಲ್ಲಿ ಹೊರಬರುತ್ತಿದ್ದನಂತೆ. ದೂಧ್‌ಸಾಗರ ಬಂದಾಗ ಬೋಗಿಯ ಅಷ್ಟೂ ಮೊಬೈಲು ಒಂದೇ ಬದಿಗೆ ವಾಲಿದವು. ಜಲಪಾತದ ಬಗ್ಗೆ ಬರೆಯಲು ಬೇಕಾದಷ್ಟು ಜನರಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಕ್ಯಾಸಲ್‌ರಾಕ್ ನಮ್ಮದೇ ಜಿಲ್ಲೆಯ ಜೋಯಿಡಾ ತಾಲೂಕಿನದು ಎಂಬುದು ಕರಾವಳಿಯ ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ಗಾಡಿ ಸುಮಾರು ಹೊತ್ತು ನಿಂತಿತು, ಇಳಿದು ಅಡ್ಡಾಡಿದೆವು. ಮಳೆ ಆಗಷ್ಟೇ ಬಿಟ್ಟಿತ್ತು. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಇದು ಗಡಿ ನಿಲ್ದಾಣ. ಆ ಕಡೆಯ ಸುಂಕದ ಕಟ್ಟೆ ಕುಳೆಂನಲ್ಲಿ, ಈ ಕಡೆಯದು ಇಲ್ಲಿ. ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಒಪ್ಪಂದ ಮಾಡಿಕೊಂಡು, 1880ರ ದಶಕದಲ್ಲಿ ಮುರ್ಮುಗೋವಾ ಬಂದರಿನಿಂದ ಇಲ್ಲಿಗೆ ಹಳಿ ಹಾಕಿಸಿದರು. 1955ರಲ್ಲಿ ಗೋವಾದ ಮೇಲೆ ದಿಗ್ಬಂಧನ ಬಿದ್ದು ಗಾಡಿಗಳೇ ನಿಂತಿದ್ದವು. ಮತ್ತೆ ಓಡಿದ್ದು ಗೋವಾ ವಿಮೋಚನೆಯಾದ ಮೇಲೆ.

ಇದರ ಹಿಂದೊಂದು ಕಥೆಯಿದೆ, ಕಾರವಾರದವರಿಗೆ ಹೊಟ್ಟೆ ಉರಿಸುವಂಥದ್ದು. ಧಾರವಾಡ ಸೀಮೆಯ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗೆ ಹೋಗಬೇಕು, ಅದಕ್ಕೆ ಕಾರವಾರದಲ್ಲಿ ಬಂದರು ಬೇಕು ಎಂಬ ಒತ್ತಡದಲ್ಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಯೋಜನೆಯೂ ಎದ್ದಿತ್ತು. ಕೊನೆಗೆ ಹಳಿ ಬಿದ್ದದ್ದು ಮುರ್ಮುಗೋವಾಕ್ಕೆ. ಜಿಲ್ಲೆ ಒಡೆದದ್ದಷ್ಟೇ ಲಾಭ! ಹಾಗಾಗಿ ನಮ್ಮ ಪಾಲಿನ ಉಗಿಬಂಡಿ ಈ ಕಾಡಿನ ಅಂಚಿನಲ್ಲೇ ಉಳಿಯಿತು. ಮ್ಯೂಸಿಯಂ ಕಟ್ಟುವುದಿದ್ದರೆ ಕ್ಯಾಸಲ್‌ರಾಕ್‌ನಲ್ಲೇ ಕಟ್ಟಬೇಕು ಎಂಬುದು ನನ್ನ ಹಟ. ಘಟ್ಟ, ಸುರಂಗ, ಗಡಿ ಎಲ್ಲ ಇಲ್ಲಿಯೇ ಇವೆ. ಬೇಕಾದದ್ದು ನಾಲ್ಕು ಫಲಕ, ಒಂದು ಹಳೆಯ ಇಂಜಿನ್.

ಲೋಂಡಾ ದಾಟಿ ಅಳ್ನಾವರ ಬಂದಾಗ ದಾಂಡೇಲಿಗೆ ಕವಲೊಡೆಯುವ ಹಳಿಯನ್ನು ದೊಡ್ಡಪ್ಪ ಬೆರಳುಮಾಡಿ ತೋರಿಸಿದರು. ಸಾಗವಾನಿ ಸಾಗಿಸಲೆಂದು ಹಾಕಿದ ದಾರಿ ಅದು. ಪ್ರಯಾಣಿಕರ ಗಾಡಿ ತೊಂಬತ್ತರ ದಶಕದಲ್ಲಿ ನಿಂತುಹೋಗಿ, 2019ರಲ್ಲಿ ಅಂಬೇವಾಡಿವರೆಗೆ ಮತ್ತೆ ಬಂದಿತ್ತು.

ರಾತ್ರಿ ಹುಬ್ಬಳ್ಳಿಯಲ್ಲಿ ಉಳಿದು, ಮರುದಿನ ಗದಗ ರಸ್ತೆ ಕಡೆಯ ಮ್ಯೂಸಿಯಂಗೆ ಹೋದೆವು. 1907ರಲ್ಲಿ ಕಟ್ಟಿದ ಎರಡು ರೈಲ್ವೆ ಮನೆಗಳನ್ನು ದುರಸ್ತಿ ಮಾಡಿ, ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು, 2020ರ ಆಗಸ್ಟ್‌ನಲ್ಲಿ ತೆರೆದದ್ದು. ಮೈಸೂರಿನದರಷ್ಟು ದೊಡ್ಡದಲ್ಲ. ಅಲ್ಲಿ ಮಹಾರಾಣಿಯ ಸಲೂನ್ ಗಾಡಿಯೇ (ಐಷಾರಾಮಿ ಖಾಸಗಿ ಬೋಗಿ) ಇದೆ, ಇಲ್ಲಿ ರಾಜವೈಭವ ಕಡಿಮೆ, ಕೆಲಸದ ಸಾಮಾನು ಹೆಚ್ಚು. ನನಗೆ ಇದೇ ಹಿಡಿಸಿತು. 1885ರಿಂದ ರೈಲ್ವೆ ವರ್ಕ್‌ಶಾಪ್ ಇರುವ ಊರಿಗೆ ಇದೇ ಒಪ್ಪುವುದು ಕೂಡ.

ದೊಡ್ಡಪ್ಪ ಬಹಳ ಹೊತ್ತು ನಿಂತದ್ದು ಟೋಕನ್ ಯಂತ್ರದ ಮುಂದೆ. ಒಂಟಿ ಹಳಿಯಲ್ಲಿ ಎದುರಾಬದುರಾಗಿ ಗಾಡಿ ಬಾರದಂತೆ ಕಾಯುತ್ತಿದ್ದುದು ಒಂದು ಉಕ್ಕಿನ ಗುಂಡು. ಮುಂದಿನ ಸ್ಟೇಷನ್ ಮಾಸ್ತರರು ಒಪ್ಪಿಗೆ ಕೊಟ್ಟರೆ ಮಾತ್ರ ಯಂತ್ರದಿಂದ ಗುಂಡು ಹೊರಗೆ ಬರುತ್ತದೆ, ಒಂದು ಹೊರಗಿದ್ದಾಗ ಇನ್ನೊಂದು ಬರುವುದಿಲ್ಲ. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಓಡುವ ಇಂಜಿನ್ನಿಗೇ ಎತ್ತಿಹಿಡಿಯುತ್ತಿದ್ದರು. ಡ್ರೈವರ್ ತೋಳು ಚಾಚಿ ಬಳೆಯನ್ನು ಮೊಣಕೈಗೆ ಸಿಕ್ಕಿಸಿಕೊಳ್ಳುತ್ತಿದ್ದ. ಗುಂಡು ಕೈಗೆ ಬಾರದೆ ಗಾಡಿ ಮುಂದೆ ಹೋಗುವಂತಿಲ್ಲ. ದೊಡ್ಡಪ್ಪ ಅಲ್ಲೇ ತೋಳು ಚಾಚಿ ಹಿಡಿದು ತೋರಿಸಿದರು. ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ಕಾರು ಮಕ್ಕಳು ಸುತ್ತ ಸೇರಿದವು, ದೊಡ್ಡಪ್ಪ ಇನ್ನೊಮ್ಮೆ ತೋರಿಸಿದರು. ನಂತರ ದಪ್ಪ ರಟ್ಟಿನ ಟಿಕೆಟ್ಟಿನ ಮುಂದೆ ನಿಂತು, ತಾರೀಕು ಒತ್ತುವ ಯಂತ್ರದ ಟಕ್ ಟಕ್ ಶಬ್ದ ಬಾಯಲ್ಲೇ ಮಾಡಿದರು.

ಹೊರಗೆ ಅಂಗಳದ ಇಂಜಿನ್ ಮುಂದೆ ಮಾತ್ರ ಉತ್ಸಾಹ ಇಳಿಯಿತು. "ತಮಾ, ಎಲ್ಲಾ ಸಮಾ ಇದ್ದು, ಹೊಗೆನೇ ಇಲ್ಲೆ ನೋಡು" ಎಂದರು. ಯಾವ ಮ್ಯೂಸಿಯಂಗೆ ಹೋದರೂ ಈ ತಕರಾರು ಇದ್ದದ್ದೇ. ಬಣ್ಣ ಬಳಿದು ಹೊಳೆಯುವ ಬಾಯ್ಲರ್ ತಣ್ಣಗಿರುತ್ತದೆ.

ತಿರುಗಿ ಬರುವಾಗ ಬಸ್ಸೇ ಗತಿ. ಹುಬ್ಬಳ್ಳಿ–ಅಂಕೋಲಾ ರೈಲಿಗೆ 1999ರಲ್ಲಿ ಅಡಿಗಲ್ಲು ಬಿದ್ದಿದೆ, ಕಾಡಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ. ಅರಬೈಲು ಘಟ್ಟದ ತಿರುವುಗಳಲ್ಲಿ ಇದನ್ನೇ ಚರ್ಚಿಸಿದೆವು. ದೊಡ್ಡಪ್ಪ ಆಗಲಿ ಎನ್ನುವವರು, ನಾನು ಮರ ಎಣಿಸುವವನು. ಅಂಕೋಲಾ ಬಂದರೂ ಇತ್ಯರ್ಥವಾಗಲಿಲ್ಲ. ಒಪ್ಪಿಗೆಯಾದದ್ದು ಊಟಿಯ ವಿಷಯದಲ್ಲಿ. ಮೆಟ್ಟುಪಾಳ್ಯದ ಮುಂದಿನ ಕಲ್ಲಾರಿನಿಂದ ಕೂನೂರಿನವರೆಗೆ ಹಲ್ಲುಹಳಿ ಕಚ್ಚಿಕೊಂಡು 12ಕ್ಕೆ 1ರ ಏರನ್ನು ಉಗಿ ಇಂಜಿನ್ ಇನ್ನೂ ಹತ್ತುತ್ತದೆ. ಟಿಕೆಟ್ ಸಿಗುವುದು ಕಷ್ಟ, ಬುಕಿಂಗ್ ತೆರೆದ ದಿನವೇ ಕೂರಬೇಕು. ಆ ಕೆಲಸ ನನ್ನ ತಲೆಗೆ ಬಿದ್ದಿದೆ.