ಸ್ಕ್ಯಾನ್ ರಿಪೋರ್ಟ್ ಬಂತು, ಈಗ ಕೆಲಸ ಶುರು

ನೆಟ್‌ವರ್ಕ್ ಸ್ಕ್ಯಾನ್ ಮಾಡೋದು, ಅಂದರೆ ನೆಟ್‌ವರ್ಕ್‌ನಲ್ಲಿ ಯಾವ ಯಾವ ಸಾಧನ ಇವೆ ಅಂತ ಹುಡುಕೋದು, ಏನೂ ಕಷ್ಟ ಅಲ್ಲ. ಎನ್‌ಮ್ಯಾಪ್‌ನಂಥ ಉಚಿತ ಟೂಲ್‌ಗೆ ಒಂದು ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ಭಾಗದ ಐಪಿ ವಿಳಾಸಗಳು) ಕೊಟ್ಟರೆ, ಕಾಫಿ ಕುಡಿದು ಬರುವಷ್ಟರಲ್ಲಿ ಪಟ್ಟಿ ರೆಡಿ. ಆ ಪಟ್ಟಿಯನ್ನು ಹಾಗೇ ಮ್ಯಾನೇಜರ್‌ಗೆ ಮೇಲ್ ಮಾಡಿದರೆ ಮಾತ್ರ ಯಾರಿಗೂ ಉಪಯೋಗ ಇಲ್ಲ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಸ್ಕ್ಯಾನ್‌ನಲ್ಲಿ ಕಾಣದ್ದು ಇಲ್ಲವೇ ಇಲ್ಲ ಅಂತಲ್ಲ. ಎಷ್ಟೋ ವಿಂಡೋಸ್ ಸಿಸ್ಟಮ್‌ಗಳ ಫೈರ್‌ವಾಲ್ ಪಿಂಗ್‌ಗೆ (ಇದ್ದೀಯಾ ಅಂತ ಕೇಳುವ ಸಂದೇಶ) ಉತ್ತರವನ್ನೇ ಕೊಡೋದಿಲ್ಲ. ಅದೇ ಸೆಗ್‌ಮೆಂಟ್ ಒಳಗೆ ಕೂತು ಎಆರ್‌ಪಿ (ಈ ಐಪಿ ಯಾವ ಸಾಧನದ್ದು ಅಂತ ಕೇಳುವ ವಿಧಾನ) ಸ್ಕ್ಯಾನ್ ಮಾಡಿ, ಆಗ ಸಿಗುತ್ತವೆ. ಎಆರ್‌ಪಿಗೆ ಉತ್ತರಿಸದೆ ಮಾಮೂಲಿ ಕೆಲಸ ಮಾಡೋಕಾಗಲ್ಲ. ಆದರೆ ಎಆರ್‌ಪಿ ರೌಟರ್ ದಾಟುವುದಿಲ್ಲ, ಹಾಗಾಗಿ ಪ್ರತಿ ವಿಎಲ್‌ಎಎನ್‌ಗೂ (ಸ್ವಿಚ್‌ನಲ್ಲೇ ಬೇರ್ಪಡಿಸಿದ ಒಳ ನೆಟ್‌ವರ್ಕ್) ಬೇರೆ ಸ್ಕ್ಯಾನ್ ಬೇಕು. ಸೆಕೆಂಡ್ ಶಿಫ್ಟ್‌ನಲ್ಲೂ ಒಮ್ಮೆ ಓಡಿಸಿ. ಬೆಳಗ್ಗೆ ಆಫ್ ಆಗಿರುವ ಎಷ್ಟೋ ಸಿಸ್ಟಮ್ ಆಗ ಆನ್ ಆಗಿರುತ್ತವೆ.

ಶಾಪ್ ಫ್ಲೋರ್‌ನಲ್ಲಿ ಮಾತ್ರ ಮೆಲ್ಲಗೆ. ಹಳೆಯ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್) ಕಂಟ್ರೋಲರ್‌ಗಳು ಜೋರು ಸ್ಕ್ಯಾನ್ ತಡೆಯದೆ ಹ್ಯಾಂಗ್ ಆಗಬಹುದು. ಪ್ರಿಂಟರ್‌ಗಳ 9100 ಪೋರ್ಟ್‌ಗೆ (ಪೋರ್ಟ್ ಅಂದರೆ ಒಂದೊಂದು ಸೇವೆಯ ಬಾಗಿಲು ನಂಬರ್) ಏನು ಕಳಿಸಿದರೂ ಕೆಲವು ಅದನ್ನೇ ಪ್ರಿಂಟ್ ಮಾಡಿಬಿಡುತ್ತವೆ. ಅದಕ್ಕೇ ಎನ್‌ಮ್ಯಾಪ್ ಸಾಫ್ಟ್‌ವೇರ್ ವರ್ಷನ್ ಪತ್ತೆ ಮಾಡುವಾಗ ಆ ಪೋರ್ಟನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಎಲ್ಲ ಟೂಲ್‌ಗೂ ಈ ಬುದ್ಧಿ ಇರುವುದಿಲ್ಲ.

ಈಗ ಒಂದು ಉದಾಹರಣೆ. ಆಫೀಸ್ ವಿಎಲ್‌ಎಎನ್‌ನಲ್ಲಿ ಹೆಸರೇ ಇಲ್ಲದ ಒಂದು ಐಪಿ ಕಂಡಿತು. 80 ಮತ್ತು 554 ಪೋರ್ಟ್ ಓಪನ್. 554 ಅಂದರೆ ಸಾಮಾನ್ಯವಾಗಿ ಕ್ಯಾಮೆರಾ ವಿಡಿಯೋ. ಮ್ಯಾಕ್ ಅಡ್ರೆಸ್‌ನ (ಸಾಧನದ ನೆಟ್‌ವರ್ಕ್ ಗುರುತು ಸಂಖ್ಯೆ) ತಯಾರಕರನ್ನು ತೋರಿಸುವ ಮೊದಲ ಆರು ಅಂಕಿ ನೋಡಿದರೆ ಸಿಸಿಟಿವಿ ಕಂಪನಿಯದ್ದೇ. ಕೋರ್ ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಹುಡುಕಿದಾಗ ಸ್ಟೋರ್ಸ್ ಕಡೆಯ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್ ಸಿಕ್ಕಿತು. ಆ ಸ್ವಿಚ್‌ಗೆ ಲಾಗಿನ್ ಆದರೆ 17ನೇ ಪೋರ್ಟ್ (ಇದು ಕೇಬಲ್ ಚುಚ್ಚುವ ಪೋರ್ಟ್). ಅಲ್ಲಿಂದ ಕೇಬಲ್ ಫಾಲ್ಸ್ ಸೀಲಿಂಗ್ ಒಳಗೆ ಮಾಯ! ಕೊನೆಗೆ ಗೊತ್ತಿದ್ದವರು ನಮ್ಮ ಎಲೆಕ್ಟ್ರಿಷಿಯನ್ನೇ. "ಅದು ಕ್ಯಾಮೆರಾದವರು ಎಳೆದಿದ್ದು ಸಾರ್. ಅವರ ಸ್ವಿಚ್‌ನಲ್ಲಿ ಪೋರ್ಟ್ ಸಾಲಲಿಲ್ಲ, ಇದಕ್ಕೆ ಹಾಕಿ ಹೋದರು." ಆ ಐಪಿ ಎನ್‌ವಿಆರ್‌ನದ್ದು, ಅಂದರೆ ಕ್ಯಾಮೆರಾ ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆ. ಅದನ್ನು ಕ್ಯಾಮೆರಾ ವಿಎಲ್‌ಎಎನ್‌ಗೆ ಹಾಕಿ, ಪಾಸ್‌ವರ್ಡ್ ಬದಲಾಯಿಸಿದೆವು. ಇಷ್ಟು ವಿಷಯ ಯಾವ ಟೂಲ್ ತಾನೇ ಹೇಳೀತು?

ಹಾಗಾಗಿ ಈಗ ನಮ್ಮ ಪಟ್ಟಿಗೆ ಕೈಯಾರೆ ಮೂರು ಕಾಲಂ ಸೇರಿಸುತ್ತೇವೆ: ಎಲ್ಲಿದೆ, ಯಾರು ಬಳಸುತ್ತಾರೆ, ಯಾರ ಬಜೆಟ್. ಸಾಲು ಗುರುತಿಸಲು ಐಪಿ ಬೇಡ, ಐಪಿಯನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಿಂದ ಅದು ಬದಲಾಗುತ್ತಿರುತ್ತದೆ. ಮ್ಯಾಕ್ ವಾಸಿ. ಆದರೆ ಫೋನ್‌ಗಳಿಗೆ ಅದೂ ನಂಬಿಕೆಯಲ್ಲ. ಆಂಡ್ರಾಯ್ಡ್ 10, ಐಓಎಸ್ 14 ಬಂದಾಗಿನಿಂದ ಅವು ವೈಫೈಗೆ ಸುಮ್ನೆ ಒಂದು ಮ್ಯಾಕ್ ಹುಟ್ಟಿಸಿಕೊಳ್ಳುತ್ತವೆ. ಮ್ಯಾಕ್‌ನ ಎರಡನೇ ಅಂಕಿ 2, 6, ಎ, ಇ (ಮ್ಯಾಕ್‌ನಲ್ಲಿ ಎ ಯಿಂದ ಎಫ್ ಕೂಡ ಅಂಕಿಗಳೇ) ಇದ್ದರೆ ಅಂಥದ್ದೇ ಇರಬೇಕು ಅಂತ ಗೆಸ್ಟ್ ಪಟ್ಟಿಗೆ ತಳ್ಳಿಬಿಡುತ್ತೇವೆ.

ಪ್ರತಿ ವಾರ ಪೂರ್ತಿ ಪಟ್ಟಿ ಓದುವ ತಾಳ್ಮೆ ಯಾರಿಗೂ ಇಲ್ಲ. ಎನ್‌ಮ್ಯಾಪ್ ಜೊತೆಗೇ ಬರುವ ಎನ್‌ಡಿಫ್, ಎರಡು ಸ್ಕ್ಯಾನ್‌ಗಳ ವ್ಯತ್ಯಾಸ ಮಾತ್ರ ತೋರಿಸುತ್ತದೆ. ಸೋಮವಾರ ಬೆಳಗ್ಗೆ ಅಷ್ಟನ್ನು ಓದುತ್ತೇನೆ. ಹೊಸ ಸಾಧನ ಬಂದಿದೆಯಾ? ಯಾವುದರಲ್ಲಾದರೂ 3389 ಹೊಸದಾಗಿ ಓಪನ್ ಆಗಿದೆಯಾ? ಅಂದರೆ ಯಾರೋ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದ್ದಾರೆ. ಫೋನ್ ಮಾಡಿ ಕೇಳುತ್ತೇನೆ.

ದುಡ್ಡಿನ ಮಾತಿಗೂ ಇದೇ ಪಟ್ಟಿ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ನಿಂತಾಗ, ಬದಲಾಯಿಸಬೇಕಾದವು ಯಾವುವು ಅಂತ ಇಲ್ಲಿಂದಲೇ ತೆಗೆದೆವು. ಮಷೀನ್‌ಗೆ ಅಂಟಿಕೊಂಡ ಪಿಸಿಗಳನ್ನು ಬದಲಾಯಿಸಲಾಗದು, ಅವುಗಳ ಸಾಫ್ಟ್‌ವೇರ್ ಹೊಸದರಲ್ಲಿ ಓಡಲ್ಲ. ಅವನ್ನು ಇಂಟರ್‌ನೆಟ್ ಇಲ್ಲದ ಬೇರೆ ವಿಎಲ್‌ಎಎನ್‌ಗೆ ಹಾಕಿದ್ದೇವೆ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ರಿನ್ಯೂವಲ್‌ಗೂ ಅಷ್ಟೇ. ರಿಜಿಸ್ಟರ್‌ನಲ್ಲಿದ್ದು ಸ್ಕ್ಯಾನ್‌ನಲ್ಲಿ ತಿಂಗಳುಗಟ್ಟಲೆ ಕಾಣದ್ದನ್ನು ಹುಡುಕಿಕೊಂಡು ಹೋದರೆ, ಒಂದು ಪ್ರಿಂಟರ್ ಸ್ಕ್ರ್ಯಾಪ್ ಯಾರ್ಡ್‌ನಲ್ಲಿ ಕೂತಿತ್ತು. ಅದಕ್ಕೂ ಎಎಂಸಿ ಕಟ್ಟುತ್ತಿದ್ದೆವು. ಅಕೌಂಟ್ಸ್‌ನವರು ಈಗ ಪಟ್ಟಿ ನೋಡದೆ ಬಿಲ್ಲಿಗೆ ಸಹಿ ಹಾಕಲ್ಲ.