ಹೊಳೆ ಇಳಿದ ಮೇಲೆ ಓಣಿಯಲ್ಲಿ ನಡೆದ ಮುಯ್ಯಿ

2019ರ ಆಗಸ್ಟ್ ಮೊದಲ ವಾರ ಪಶ್ಚಿಮ ಘಟ್ಟದ ಮೇಲೆ ಬಿದ್ದ ಮಳೆಗೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ಉಕ್ಕಿದವು. ಗೋಕಾಕ ಮತ್ತು ರಾಮದುರ್ಗ ಪಟ್ಟಣಗಳ ಓಣಿಗಳಲ್ಲಿ ಹೊಳೆ ಹರಿಯಿತು, ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರ ನಿಂತಿತು, ಪಟ್ಟದಕಲ್ಲಿನ ಚಾಲುಕ್ಯರ ಗುಡಿಗಳ ಅಂಗಳದವರೆಗೂ ನೀರು ಬಂತು. ನವಿಲುತೀರ್ಥ ಜಲಾಶಯದ ಕೆಳಗೆ, ರಾಮದುರ್ಗಕ್ಕೂ ಬಾದಾಮಿಗೂ ನಡುವೆ, ಮಲಪ್ರಭೆಯ ದಂಡೆಯ ಮೇಲಿರುವ ನಮ್ಮ ಊರಿನ ಅರ್ಧಭಾಗ ಆ ವಾರ ನೀರಿನಡಿ ಇತ್ತು. ಆಗ ದೋಣಿಯಲ್ಲಿ ಬಂದವರ ಬಗ್ಗೆ, ಹೆಲಿಕಾಪ್ಟರಿನ ಬಗ್ಗೆ, ಮಂತ್ರಿಗಳ ಭೇಟಿಯ ಬಗ್ಗೆ ಪತ್ರಿಕೆಗಳು ಬರೆದವು. ಅವರೆಲ್ಲ ಹಿಂತಿರುಗಿದ ಮೇಲಿನ ತಿಂಗಳುಗಳಲ್ಲಿ ಒಂದು ಮನೆಯವರು ಇನ್ನೊಂದು ಮನೆಯವರಿಗೆ ಮುಯ್ಯಿಯಲ್ಲಿ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಟ್ಟು, ಹೇಗೆ ಹೆಗಲು ಕೊಟ್ಟರು ಎಂಬುದನ್ನು ಮಾತ್ರ ಯಾರೂ ವಿವರವಾಗಿ ದಾಖಲಿಸಿದಂತೆ ನನಗೆ ಕಾಣಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊಳೆಯ ವಿಷಯ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ, ಅದಕ್ಕೆ ಹಿಂದಿನ ಎಷ್ಟೋ ವರ್ಷ ನಮ್ಮ ಪಾಲಿಗೆ ಬತ್ತಿದ ಹೊಳೆಯೇ ಆಗಿತ್ತು. ಮಹದಾಯಿ ಕಣಿವೆಯ ಕಳಸಾ–ಬಂಡೂರಿ ಹಳ್ಳಗಳ ನೀರನ್ನು ಈ ಹೊಳೆಗೆ ತಿರುಗಿಸಿರೆಂದು ನರಗುಂದದಲ್ಲಿ ರೈತರು 2015ರಿಂದ ಧರಣಿ ಕುಳಿತಿದ್ದರು. ನೀರಿಲ್ಲದ ಪಾತ್ರದಲ್ಲಿ ಬಳ್ಳಾರಿ ಜಾಲಿ ಕಾಡಾಗಿ ಬೆಳೆದಿತ್ತು, ದಂಡೆಯ ಹೊಲಗಳು ವರ್ಷದಿಂದ ವರ್ಷಕ್ಕೆ ಪಾತ್ರದೊಳಕ್ಕೆ ಸರಿದಿದ್ದವು. ಜಲಾಶಯ ತುಂಬಿ ನೀರು ಬಿಡಲೇಬೇಕಾದಾಗ ಆ ನೀರಿಗೆ ಹರಿಯಲು ತನ್ನದೇ ದಾರಿ ಉಳಿದಿರಲಿಲ್ಲ. ಅದು ಊರಿನ ದಾರಿ ಹಿಡಿಯಿತು. 2009ರ ಮಹಾಪೂರವನ್ನು ಕಂಡಿದ್ದ ಹಿರಿಯರು ಬೇಗನೆ ಎಚ್ಚರಿಸಿದ್ದರಿಂದ ನಮ್ಮಲ್ಲಿ ಜನರ ಜೀವಕ್ಕೆ ಅಪಾಯವಾಗಲಿಲ್ಲ. ದನಕರುಗಳನ್ನು ಮೇಲಿನ ಓಣಿಗೆ ಹೊಡೆದುಕೊಂಡು ಬಂದು, ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿ ಎಲ್ಲರೂ ಕುಳಿತೆವು.

ಪ್ರವಾಹವನ್ನು ಕಾಣದವರು ನೀರು ಇಳಿದರೆ ಕಷ್ಟ ಮುಗಿಯಿತೆಂದು ತಿಳಿಯುತ್ತಾರೆ. ನಮ್ಮ ಭಾಗದಲ್ಲಿ ಮನೆಗಳು ಬಿದ್ದದ್ದು ಬಹುಪಾಲು ನೀರು ಇಳಿದ ಮೇಲೆ. ಕಲ್ಲು ಮತ್ತು ಕೆಸರುಮಣ್ಣಿನಿಂದ ಕಟ್ಟಿದ ಗೋಡೆ ನೀರಿನೊಳಗೆ ಇರುವಷ್ಟು ಹೊತ್ತು ಹೇಗೋ ನಿಲ್ಲುತ್ತದೆ. ಹೊರಗಿನ ನೀರು ಸರಿದಾಗ ಒಳಗೆ ನೆನೆದ ಮಣ್ಣು ಜಾರಿ, ಮೇಲಿನ ಮಾಳಿಗೆಯ ಭಾರ ಹೊರಲಾರದೆ ಗೋಡೆ ಹೊಟ್ಟೆ ಬಿಡುತ್ತದೆ. ಮಣ್ಣಿನ ಮಾಳಿಗೆ ಎಂದರೆ ಜಂತಿಯ ಮೇಲೆ ಮೊಣಕೈ ದಪ್ಪ ಹಾಕಿದ ಮಣ್ಣು, ಮಳೆ ಕುಡಿದ ಮೇಲೆ ಅದರ ತೂಕ ಮತ್ತಷ್ಟು. ಬಿಸಿಲು ಬಿದ್ದ ಎರಡನೆಯ ಮೂರನೆಯ ದಿನ, ಹೆಂಗಸರು ಒಳಗೆ ಹೋಗಿ ಪಾತ್ರೆ ತೆಗೆಯೋಣವೆನ್ನುವ ಹೊತ್ತಿಗೆ, ಓಣಿಯ ಆ ತುದಿಯಲ್ಲೊಂದು ಈ ತುದಿಯಲ್ಲೊಂದು ಗೋಡೆ ಕುಸಿದು ಬೀಳುತ್ತಿತ್ತು.

ಇಲ್ಲಿ ಪಕ್ಕದ ಮನೆಯವನ ಸಹಾಯವೆಂಬುದು ಬರೀ ಒಳ್ಳೆಯತನದ ಮಾತಾಗಿ ಉಳಿಯುವುದಿಲ್ಲ. ನಮ್ಮ ಹಳೆಯ ಓಣಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ. ನನ್ನ ತೊಲೆ ಆ ಗೋಡೆಯ ಈಚೆ ಬದಿಗೆ ಕುಳಿತರೆ ಅವನ ತೊಲೆ ಆಚೆ ಬದಿಗೆ ಕುಳಿತಿರುತ್ತದೆ. ನಾನು ನನ್ನ ಮಾಳಿಗೆಯನ್ನಷ್ಟೇ ಇಳಿಸಿದರೆ ಭಾರವೆಲ್ಲ ಒಂದೇ ಕಡೆಗೆ ಬಿದ್ದು ಅವನ ಮನೆ ವಾಲುತ್ತದೆ. ಅವನು ತನ್ನ ಕಡೆಯ ಬುನಾದಿ ಅಗೆದರೆ ನನ್ನ ಅಡುಗೆಮನೆ ಕುಸಿಯುತ್ತದೆ. ನಮ್ಮ ಓಣಿಯ ಹಿರಿಯ ಗೌಂಡಿಯೊಬ್ಬರು (ಗೋಡೆ ಕಟ್ಟುವ ಮೇಸ್ತ್ರಿ) ತಮ್ಮ ಮನೆಯೇ ಬಿದ್ದಿದ್ದರೂ ಬೆಳಗಿನಿಂದ ಸಂಜೆಯವರೆಗೆ ಮನೆಮನೆಗೆ ಹೋಗಿ ಗೋಡೆಗೆ ಕೈ ಹಚ್ಚಿ ನೋಡುತ್ತಿದ್ದರು. "ಇದರಾಗ ಯಾರೂ ಮಲಗಬ್ಯಾಡ್ರಿ, ಇವತ್ತ ಮ್ಯಾಲಿನ ಮಣ್ಣ ಇಳಸ್ರಿ. ಆಚಿ ಮನಿಯವರನ್ನೂ ಕರೀರಿ, ಎರಡೂ ಕಡೆಗಿಂದ ಒಮ್ಮೆಲೇ ಇಳೀಬೇಕು" ಎಂದು ಅವರು ಹೇಳಿದಂತೆ ಎರಡು ಮನೆಯವರೂ ಏಣಿ ಹಾಕಿ, ಬುಟ್ಟಿ ಕೈಯಿಂದ ಕೈಗೆ ದಾಟಿಸಿ, ಇಬ್ಬರ ಮಾಳಿಗೆಯ ಮಣ್ಣನ್ನೂ ಸಮನಾಗಿ ಇಳಿಸಿದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಕೂಡ ಹೀಗೆ ಒಂದೇ ಗೋಡೆಯ ಎರಡು ಬದಿಯಲ್ಲಿ ನಿಂತು ಕೆಲಸ ಮಾಡಿದ್ದನ್ನು ನೋಡಿದೆ. ಅವರ ಜಗಳ ಮುಗಿಯಿತೆಂದು ಹೇಳಲಾರೆ. ಆದರೆ ಆ ಗೋಡೆ ಉಳಿದಿದೆ.

ಕೆಲಸ ನಡೆದದ್ದು ಮುಯ್ಯಿಯ ಲೆಕ್ಕದಲ್ಲಿ. ಕಳೆ ತೆಗೆಯಲು, ರಾಶಿ ಮಾಡಲು, ಮಾಳಿಗೆಗೆ ಮಣ್ಣು ಹಾಕಲು ಇವತ್ತು ನಾನು ನಿನ್ನಲ್ಲಿಗೆ ಬಂದರೆ ನಾಳೆ ನೀನು ನನ್ನಲ್ಲಿಗೆ ಬರಬೇಕೆಂಬ ಈ ಪದ್ಧತಿ ನಮ್ಮ ಭಾಗದಲ್ಲಿ ಹಳೆಯದು. ಕೂಲಿಯ ಹಣ, ಟ್ರ್ಯಾಕ್ಟರು ಮತ್ತು ರಾಶಿ ಮಷೀನು ಬಂದ ಮೇಲೆ ಅದು ಕ್ಷೀಣಿಸಿತ್ತು. ಆ ಆಗಸ್ಟಿನಲ್ಲಿ ಯಾರ ಕೈಯಲ್ಲೂ ಹಣವಿರಲಿಲ್ಲ, ಎಲ್ಲರ ಮನೆಯಲ್ಲೂ ಕೆಸರು ಇತ್ತು, ಹೀಗಾಗಿ ಯಾರೂ ಸಭೆ ಸೇರಿ ತೀರ್ಮಾನಿಸದಿದ್ದರೂ ಮುಯ್ಯಿ ತಾನಾಗಿ ಮರಳಿ ಬಂತು. ಒಂದು ಮನೆಗೆ ಏಳೆಂಟು ಮಂದಿ ಸಲಿಕೆ ಹಿಡಿದು ಹೋದರೆ ಒಂದು ದಿನದಲ್ಲಿ ಕೆಸರು ಹೊರಬೀಳುತ್ತಿತ್ತು. ಆ ಮನೆಯವರು ಮರುದಿನ ಮುಂದಿನ ಮನೆಗೆ ಹೊರಡುತ್ತಿದ್ದರು.

ನಮ್ಮ ಎದುರು ಮನೆಯಲ್ಲಿ ಒಬ್ಬರೇ ಇರುವ ಆಯಿಯ ಮಾತನ್ನು ಹೇಳಲೇಬೇಕು. ಮಗ ಗೋವಾಕ್ಕೆ ದುಡಿಯಲು ಹೋಗಿದ್ದ, ರಸ್ತೆ ಕಡಿದಿದ್ದರಿಂದ ಬರಲಾಗಿರಲಿಲ್ಲ. ಅವರ ಮನೆಯ ಕೆಸರು ತೆಗೆಯಲು ಹುಡುಗರು ಹೋದಾಗ ಆಯಿ ಬಾಗಿಲಲ್ಲೇ ತಡೆದರು. "ನಿಮ್ಮ ಮುಯ್ಯಿ ನಾ ಹ್ಯಾಂಗ ತೀರಿಸಲೋ ಯಪ್ಪಾ? ನನ್ನ ಕಡೆ ಸಲಿಕಿ ಹಿಡಿಯೂ ಶಕ್ತಿ ಇಲ್ಲ" ಎಂದರು. ನನ್ನ ಅತ್ತಿಗೆ, "ಆಯಿ, ನಮ್ಮ ಸಣ್ಣ ಹುಡುಗರನ್ನ ನೀವು ನೋಡಕೋರಿ, ನಾವು ಹೆಣ್ಮಕ್ಕಳು ಹೊಳಿಗೆ ಹೋಗಿ ಕೌದಿ ಒಗದು ಬರ್ತೀವಿ" ಎಂದ ಮೇಲೆಯೇ ಅವರು ದಾರಿ ಬಿಟ್ಟರು. ಮುಂದೆ ಓಣಿಯ ಕೂಸುಗಳೆಲ್ಲ ಸಂಜೆಯವರೆಗೂ ಗುಡಿಯ ಕಟ್ಟೆಯ ಮೇಲೆ ಆಯಿಯ ಸುತ್ತ ಇರುತ್ತಿದ್ದವು. ಅವರಿಗೆ ಬೇಕಾಗಿದ್ದದ್ದು ತಿರುಗಿ ಕೊಡುವ ಒಂದು ದಾರಿ. ಅದು ಸಿಕ್ಕಿದ್ದರಿಂದ ಅವರು ನಮ್ಮ ಸಹಾಯವನ್ನು ತಲೆಯೆತ್ತಿ ತೆಗೆದುಕೊಂಡರು. ಗಂಜಿ ಕೇಂದ್ರದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಅದೇ ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಎರಡೂ ಸಹಾಯವೇ, ಎರಡೂ ಬೇಕಾಗಿತ್ತು. ಆದರೆ ತಿರುಗಿ ಕೊಡಲು ಬರುವ ಸಹಾಯಕ್ಕೂ ಬಾರದ ಸಹಾಯಕ್ಕೂ ಪಡೆಯುವವರ ಮನಸ್ಸಿನಲ್ಲಿ ಎಷ್ಟು ಅಂತರವಿದೆ ಎಂಬುದು ನನಗೆ ತಿಳಿದದ್ದು ಅವರಿಂದ.

ಕೌದಿಯ ವಿಷಯ ಬಂದದ್ದರಿಂದ ಅದನ್ನೂ ಹೇಳುತ್ತೇನೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೆನೆದರೆ ಒಬ್ಬರಿಂದ ಎತ್ತಲಾಗದು. ಕೆಸರು ಹೊಕ್ಕ ಕೌದಿಯನ್ನು ಒಗೆಯಲು ನಾಲ್ಕು ಹೆಂಗಸರು ನಾಲ್ಕು ಮೂಲೆ ಹಿಡಿಯಬೇಕು, ಹಿಂಡಲು ಇಬ್ಬಿಬ್ಬರು ಎರಡು ತುದಿಯಲ್ಲಿ ನಿಂತು ತಿರುವಬೇಕು. ಹೊರಗಿನಿಂದ ಬಂದ ಲಾರಿಗಳಲ್ಲಿ ಹೊದಿಕೆಗಳು ಬೇಕಾದಷ್ಟಿದ್ದವು, ಆದರೂ ನಮ್ಮ ಹೆಣ್ಣುಮಕ್ಕಳು ಕೌದಿ ಬಿಡಲಿಲ್ಲ. ಅತ್ತೆಯ ಸೀರೆ, ತೀರಿಹೋದ ತಾಯಿಯ ಸೀರೆ ಅದರೊಳಗಿದ್ದವು. ಮುಳುಗಿಸಿದ ಹೊಳೆಯ ನೀರಿನಲ್ಲೇ ಸರದಿಯಂತೆ ಒಂದೊಂದು ಮನೆಯ ಕೌದಿಗಳನ್ನು ಒಗೆದು ದಂಡೆಯ ಕಲ್ಲುಗಳ ಮೇಲೆ ಒಣಹಾಕಿದರು.

ನೇಕಾರರ ಓಣಿಯಲ್ಲಿ ಕಷ್ಟ ಬೇರೆಯದು. ಕುಣಿಮಗ್ಗದ ಕುಣಿ ನೆಲದೊಳಗೇ ಇರುವುದರಿಂದ ಮೊದಲು ಕೆಸರು ತುಂಬಿದ್ದು ಅಲ್ಲಿಯೇ. ಮಗ್ಗಕ್ಕೆ ಹೂಡಿದ ಉದ್ದ ನೂಲು, ಅಂದರೆ ಹಾಸು, ಕೊಳೆಯಿತು, ಮರದ ಚೌಕಟ್ಟು ಉಬ್ಬಿತು. ಮನೆಗೆ ಸಿಗುವ ಪರಿಹಾರದ ಲೆಕ್ಕದಲ್ಲಿ ಮಗ್ಗ ಎಲ್ಲಿ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಊರಿನ ಬಡಿಗರು ನೀರು ನುಗ್ಗದಿದ್ದ ಒಬ್ಬ ನೇಕಾರರ ಮನೆಯ ಪಡಸಾಲೆಯಲ್ಲಿ ಎರಡು ಮಗ್ಗ ಹೂಡಿಕೊಟ್ಟರು. ಅದರ ಮೇಲೆ ಮೂರು ನಾಲ್ಕು ಮನೆಯವರು ಸರದಿಯಲ್ಲಿ ನೇಯ್ದು ಚಳಿಗಾಲ ಕಳೆದರು.

ದೂರದಿಂದ ಬಂದ ನೆರವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ನೀರು ಬಾರದ ಊರುಗಳ ತಾಯಂದಿರು ರಾತ್ರಿಯೆಲ್ಲ ಬಡಿದು ಕಳಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿಯ ಗಂಟುಗಳಿಲ್ಲದಿದ್ದರೆ ಮೊದಲ ದಿನಗಳು ಹೇಗೆ ಕಳೆಯುತ್ತಿದ್ದವೋ ತಿಳಿಯದು. ಕೆಡದ, ಬೇಯಿಸಬೇಕಾಗಿಲ್ಲದ, ನಮ್ಮದೇ ಊಟ ಅದು. ಅದಕ್ಕಿಂತ ಮುಖ್ಯವಾಗಿ ಪಕ್ಕದ ಊರುಗಳವರು ಬಂಡಿಗಳಲ್ಲಿ ಕಣಿಕೆ, ಅಂದರೆ ಜೋಳದ ಒಣ ಮೇವು, ಕಳಿಸಿದರು. ಬಣವೆಗಳೆಲ್ಲ ತೇಲಿಹೋಗಿದ್ದ ಆ ಹೊತ್ತಿನಲ್ಲಿ ದನಗಳಿಗೂ ಹೊಟ್ಟೆಯಿದೆ ಎಂದು ನೆನೆದವರು ಒಕ್ಕಲುತನ ಮಾಡುವವರೇ. ಮೇವಿಲ್ಲದೆ ಎತ್ತುಗಳನ್ನು ಅಗ್ಗಕ್ಕೆ ಮಾರಿದ್ದರೆ ಆ ಹಿಂಗಾರಿಯ ಬಿತ್ತನೆಯೇ ಆಗುತ್ತಿರಲಿಲ್ಲ.

ಇನ್ನು ನೋವಿನ ಮಾತು. ಸರ್ಕಾರ ತುರ್ತಾಗಿ ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ಕಂತುಗಳಲ್ಲಿ ಕೊಡುವುದಾಗಿ ಘೋಷಿಸಿತು. ಮನೆಗಳನ್ನು ಹಾನಿಗೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದರು; ಎ ಎಂದರೆ ಎಲ್ಲಕ್ಕಿಂತ ಹೆಚ್ಚು ಹಾನಿ, ಸಿ ಎಂದರೆ ಎಲ್ಲಕ್ಕಿಂತ ಕಡಿಮೆ. ಸಮೀಕ್ಷೆಯವರು ಬಂದಾಗ ಅಕ್ಕಪಕ್ಕದವರ ಸಾಕ್ಷಿಯೇ ಎಷ್ಟೋ ಮಂದಿಯನ್ನು ಉಳಿಸಿತು. ಆಧಾರ್, ಪಡಿತರ ಚೀಟಿ, ಮನೆಯ ಉತಾರ (ಆಸ್ತಿಯ ದಾಖಲೆ ಪತ್ರ) ಎಲ್ಲವೂ ಟ್ರಂಕಿನೊಳಗೆ ಮುದ್ದೆಯಾಗಿದ್ದಾಗ "ಹೌದ್ರಿ ಸಾಹೇಬ್ರ, ಇಲ್ಲೇ ಇವರ ಮನಿ ಇತ್ತು, ಇವರಪ್ಪನ ಕಾಲದಿಂದ ನಾವು ನೋಡೇವಿ" ಎಂದು ಎದೆತಟ್ಟಿ ಹೇಳಿದವರು ಆಚೀಚೆ ಮನೆಯವರು. ಒಂದೇ ಉತಾರದಲ್ಲಿ ಮೂರು ಒಲೆಗಳ ಸಂಸಾರವಿದ್ದಾಗ, ಬಾಡಿಗೆಗೆ ಇದ್ದವರ ಹೆಸರು ಎಲ್ಲಿಯೂ ಇಲ್ಲದಿದ್ದಾಗ, ಅವರು ಅಲ್ಲಿ ಬದುಕಿದ್ದರೆಂಬುದಕ್ಕೆ ಓಣಿಯ ಮಾತನ್ನು ಬಿಟ್ಟು ಬೇರೆ ದಾಖಲೆ ಇರಲಿಲ್ಲ. ಅದೇ ಪಟ್ಟಿ ಮುಂದೆ ಓಣಿಯನ್ನು ಒಡೆದದ್ದೂ ನಿಜ. ಒಂದೇ ಗೋಡೆಯ ಈಚೆಯ ಮನೆ ಎ ಆಗಿ ಆಚೆಯದು ಸಿ ಆದಾಗ, ಒಟ್ಟಿಗೆ ಮಣ್ಣು ಹೊತ್ತವರ ನಡುವೆಯೇ ಸಂಶಯ ಬೆಳೆಯಿತು.

ಅದಕ್ಕಿಂತ ಆಳದ ನೋವು ಇನ್ನೊಂದಿದೆ. ನಮ್ಮ ಊರಿನಲ್ಲಿ ತಗ್ಗಿನಲ್ಲಿರುವುದು ದಲಿತರ ಕೇರಿ. ನೀರು ಮೊದಲು ಹೊಕ್ಕದ್ದು ಅಲ್ಲಿಗೆ, ಕೊನೆಗೆ ಬಿಟ್ಟದ್ದು ಅಲ್ಲಿಂದ. ಶಾಲೆಯ ಒಂದೇ ಛಾವಣಿಯ ಕೆಳಗೆ ಎಲ್ಲರೂ ಒಂದೇ ಸಾಲಿನಲ್ಲಿ ಉಂಡಿದ್ದೆವು. ಮನೆಗೆ ಮರಳಿದ ಮೇಲೆ ಮುಯ್ಯಿ ಬಹುಮಟ್ಟಿಗೆ ಓಣಿಯೊಳಗೇ ಸುತ್ತಿತು. ಕೇರಿಯ ಯುವಕರು ಮೇಲಿನ ಓಣಿಗಳಿಗೆ ಬಂದು ಸತ್ತ ಎಮ್ಮೆಗಳನ್ನು ಎಳೆದು ಹೂಳಿದರು, ಆ ಕೆಲಸವನ್ನು ಅವರದೇ ಎಂದು ಎಲ್ಲರೂ ಸುಮ್ಮನೆ ಒಪ್ಪಿಕೊಂಡರು. ಅವರ ಕೇರಿಯ ಕೆಸರು ತೆಗೆಯಲು ಮೇಲಿನಿಂದ ಹೋದ ಸಲಿಕೆಗಳು ಕಡಿಮೆ. ಶಾಲೆಯ ಮಾಸ್ತರರು ಮತ್ತು ಕೆಲವು ಕಾಲೇಜು ಹುಡುಗರು ಹೋದರು, ಅವರ ಹಿಂದೆ ಇನ್ನು ಕೆಲವರು ಹೋದರು. ಸಾಲದು. ಊರವರು ಒಬ್ಬರಿಗೊಬ್ಬರು ಆದರೆಂದು ಹೆಮ್ಮೆಯಿಂದ ಹೇಳುವಾಗ ಈ ಬಾಕಿಯನ್ನು ಮುಚ್ಚಿಟ್ಟರೆ ಆ ಹೆಮ್ಮೆಗೆ ಅರ್ಥವಿಲ್ಲ.

2009ರ ಪ್ರವಾಹದ ನಂತರ ಸರ್ಕಾರ ದಾನಿಗಳ ನೆರವಿನಿಂದ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿತು. ಹೊಳೆದಂಡೆಯ ಎಷ್ಟೋ ಊರುಗಳಲ್ಲಿ ಆ ಮನೆಗಳು ಖಾಲಿ ಬಿದ್ದು ಮುಳ್ಳುಕಂಟಿ ಬೆಳೆದವು. ಜನರು ಮೊಂಡರೆಂದು ಅಧಿಕಾರಿಗಳು ಬೇಸರಪಟ್ಟುಕೊಳ್ಳುತ್ತಾರೆ. ಆ ಮನೆಗಳಲ್ಲಿ ದನ ಕಟ್ಟಲು ಜಾಗವಿರಲಿಲ್ಲ, ಹೊಲ ದೂರವಾಯಿತು ಎಂಬ ಕಾರಣಗಳನ್ನು ಎಲ್ಲರೂ ಬಲ್ಲರು. ನನಗೆ ಕಾಣುವ ಇನ್ನೊಂದು ಕಾರಣವೆಂದರೆ, ಅಲ್ಲಿ ಎದುರು ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಕೂಸನ್ನು ಯಾರ ಮಡಿಲಿಗೆ ಹಾಕಿ ಹೊಲಕ್ಕೆ ಹೋಗಲಿ, ರಾತ್ರಿ ಎದೆನೋವು ಬಂದರೆ ಯಾರ ಬಾಗಿಲು ಬಡಿಯಲಿ ಎಂಬುದು ತಿಳಿಯದ ಜಾಗಕ್ಕೆ ವಯಸ್ಸಾದವರು ಹೋಗುವುದಿಲ್ಲ. ಮುಂದೆ ಯಾವ ಊರನ್ನು ಸ್ಥಳಾಂತರಿಸಿದರೂ ಓಣಿಯನ್ನು ಓಣಿಯಾಗಿಯೇ ಒಯ್ಯಬೇಕು, ಜೋಡಿ ಮನೆಗಳನ್ನು ಜೋಡಿಯಾಗಿಯೇ ಇಡಬೇಕು, ಕೇರಿಯನ್ನು ಮತ್ತೆ ತಗ್ಗಿನಲ್ಲಿ ಇಡಕೂಡದು ಎಂಬುದು ನನ್ನ ಬಲವಾದ ಅಭಿಪ್ರಾಯ.

ಈಗ ನಮ್ಮ ಊರಿನಲ್ಲಿ ಮುಂಗಾರು ಹಿಡಿಯುವ ಮೊದಲು ಕೆಲವು ಏರ್ಪಾಡುಗಳಾಗುತ್ತವೆ. ತಗ್ಗಿನ ಪ್ರತಿಯೊಂದು ಮನೆಗೂ ಮೇಲಿನ ಓಣಿಯ ಒಂದು ಮನೆ ಗೊತ್ತಾಗಿದೆ. ನವಿಲುತೀರ್ಥದಿಂದ ನೀರು ಬಿಡುವ ಸುದ್ದಿ ಬಂದರೆ ದನಗಳು ಎಲ್ಲಿಗೆ, ಮುದುಕರು ಎಲ್ಲಿಗೆ, ಜೋಳದ ಚೀಲ ಎಲ್ಲಿಗೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕಾಗದಪತ್ರಗಳು ಪ್ಲಾಸ್ಟಿಕ್ ಚೀಲದಲ್ಲಿ ಮೇಲಿನ ಮನೆಗಳಲ್ಲಿಯೇ ಇರುತ್ತವೆ. ಕೇರಿಯ ಮನೆಗಳನ್ನೂ ಈ ಪಟ್ಟಿಗೆ ಸೇರಿಸಲು ಮಾಸ್ತರರು ಎರಡು ಮಳೆಗಾಲ ವಾದಿಸಬೇಕಾಯಿತು, ಈಗ ಸೇರಿವೆ. ಬಾಡಿಗೆಗೆ ಇದ್ದು ಪಟ್ಟಿಯಿಂದ ಹೊರಗುಳಿದ ಒಂದು ಸಂಸಾರಕ್ಕೆ ಪಂಚಾಯಿತಿ ಜಾಗ ಕೊಟ್ಟಿದೆ. ಅವರ ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿದೆ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಅದರ ಛಾವಣಿಯವರೆಗಿನ ಕೆಲಸವನ್ನು ಮುಯ್ಯಿಯಲ್ಲಿ ಮುಗಿಸುವುದೆಂದು ಎರಡು ಓಣಿ ಮತ್ತು ಕೇರಿಯವರು ಕೂಡಿ ಮಾತನಾಡಿಕೊಂಡಿದ್ದಾರೆ; ಗೌಂಡಿಯವರ ಮಗ ಕೂಲಿ ಬೇಡವೆಂದಿದ್ದಾನೆ, ಮರಳು ಮತ್ತು ಸಿಮೆಂಟಿನ ಹಣವನ್ನು ಇನ್ನೂ ಕೂಡಿಸುತ್ತಿದ್ದೇವೆ.